1107ನೇ ಸಾಲಿನ ಷರಾ

“ಯಾಕ ಮಾಡಿದ್ರಿ ಮೇಡಂ ಇದನ್ನ?”

ಕಬ್ಬಿನ ಗಾಡಿ ತೂಗುವ ಕಾಟಾದ ಹಿಂದೆ ಒಂದು ಬೇವಿನ ಮರವಿದೆ. ಅದರ ಕೆಳಗೆ ಹೆಲ್ಮೆಟ್ಟನ್ನು ಎದೆಗವಚಿಕೊಂಡು ನಿಂತಿದ್ದ ಸುಧೀರ ಈ ಮಾತನ್ನು ಸಿಟ್ಟಿನಿಂದ ಕೇಳಲಿಲ್ಲ. ಸಿಟ್ಟು ಮಾಡಿದ್ದರೆ ನೀಲಮಳಿಗೆ ಎಷ್ಟೋ ಹಗುರಾಗುತ್ತಿತ್ತು. ಅವನು ಕೇಳಿದ್ದು ಮೆತ್ತಗೆ, ತನಗಾಗಿ ಯಾರೋ ಕೈ ಸುಟ್ಟುಕೊಂಡಿದ್ದಾರೆ ಅನ್ನುವಂಥ ದನಿಯಲ್ಲಿ.

“ನಾನಾ?” ಅಂದಳು ನೀಲಮ. “ಇದನ್ನ ನಾ ನಿಮಗ ಕೇಳಬೇಕಂತ ಬಂದೀನ್ರಿ.”

“ನನ್ನ ಸಲುವಾಗಿ ನೀವು ಇಷ್ಟ ದೂರ ಹೋಗಬಾರದಿತ್ತು.”

“ನಿಮ್ಮ ಸಲುವಾಗಿ?” ಅವಳ ಮುಖಕ್ಕೆ ರಕ್ತ ನುಗ್ಗಿತು. “ಶುಕ್ರವಾರ ಪ್ರಿಂಟ್ ತರಾಕ ನಾ ಹೊರಗ ಹೋದಾಗ ನನ್ನ ಕುರ್ಚಿ ಮ್ಯಾಲೆ ಕುಂತವರು ಯಾರು? ನನ್ನ ಮಶಿನ್ ಚಾಲೂನ ಇತ್ತು. ನಾ ನಿಮ್ಮನ್ನ ನಂಬಿದ್ದೆ.”

ಸುಧೀರ ಅವಳನ್ನು ನೋಡಿದ. ಎಡಗಣ್ಣನ್ನು ಅರೆ ಮುಚ್ಚಿ ನೋಡುವುದು ಅವನ ರೂಢಿ. ಎಂಟು ವರ್ಷ ಹೊಲಹೊಲ ತಿರುಗಿ, ಕಬ್ಬಿನ ರಸದ ಸಿಹಿ ಅಳೆಯುವ ಬ್ರಿಕ್ಸ್ ನಳಿಗೆಗೆ ಒಂದು ಕಣ್ಣು ಹಚ್ಚಿ ಹಚ್ಚಿ, ಇನ್ನೊಂದು ಕಣ್ಣಿಗೆ ಮುಚ್ಚುವುದೇ ಕೆಲಸವಾಗಿಬಿಟ್ಟಿತ್ತು. “ನನಗೂ ಬ್ರಿಕ್ಸ್ ಹಚ್ಚಿ ನೋಡಾಕತ್ತೀರೇನ್ರಿ?” ಎಂದು ಅವಳು ಹಿಂದೊಮ್ಮೆ ನಗಿಸಿದ್ದಳು. ಇವತ್ತು ಅವನು ಎರಡೂ ಕಣ್ಣು ತೆರೆದು ನೋಡಿದ. ಅದನ್ನು ತಾಳಲಾರದೆ ಅವಳು ನೆಲ ನೋಡಿದಳು.

“ಹಂಗಂತ ತಿಳದ್ರಿ?” ಎಂದಷ್ಟೇ ಅಂದು ಸುಧೀರ ಹೆಲ್ಮೆಟ್ ಹಾಕಿಕೊಂಡ. ಗಾಡಿ ಚಾಲೂ ಮಾಡಿಕೊಂಡು ಹೊರಟುಹೋದ. ಹನ್ನೊಂದು ಗಂಟೆಯಾಗಿತ್ತು. ನಾಲ್ಕಕ್ಕೆ ವಿಚಾರಣೆ.

ನಡೆದದ್ದು ಇಷ್ಟು. ಸದಲಗಾ ಮತ್ತು ಬೋರಗಾಂವದ ನಡುವಿನ ಆ ಸಕ್ಕರೆ ಕಾರ್ಖಾನೆಯಲ್ಲಿ ನೀಲಮ ಕಂಪ್ಯೂಟರ್ ವಿಭಾಗದವಳು. ನಿಪ್ಪಾಣಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ಸುಧೀರ ಬೋರಗಾಂವ ಗಟದ, ಅಂದರೆ ಆ ಸುತ್ತಿನ ಹಳ್ಳಿಗಳ, ಫೀಲ್ಡ್‌ಮನ್. ಯಾರ ಹೊಲದಲ್ಲಿ ಎಷ್ಟು ಕಬ್ಬು, ಯಾವಾಗ ಹಣ್ಣಾಗುತ್ತದೆ ಎಂದು ನೋಡಿ ಬರೆಯುವವನು. ಎರಡು ಸಾವಿರದ ಹದಿಮೂರರ ಹಂಗಾಮಿಗೆ ಕಾರ್ಖಾನೆಯವರು ಕಟಾವಿನ ಪಾಳಿಯನ್ನು ದಪ್ಪ ವಹಿಯಿಂದ ತೆಗೆದು ಶೇರ್‌ಪಾಯಿಂಟ್ ಪೋರ್ಟಲಿಗೆ ಹಾಕಿದ್ದರು. ನಾಲ್ಕು ಸಾವಿರದ ಇನ್ನೂರ ಹದಿನಾರು ಹೊಲ, ಅಷ್ಟೇ ಸಾಲು. ಎಲ್ಲ ಗಟದ ಫೀಲ್ಡ್‌ಮನ್‌ಗಳೂ ತಮ್ಮ ತಮ್ಮ ಕಚೇರಿಯಿಂದ ಅದೇ ಪಟ್ಟಿಯಲ್ಲಿ ತುಂಬಬೇಕು.

ಪಾಳಿ ಅಂದರೆ ಆ ಸೀಮೆಯಲ್ಲಿ ಹುಡುಗಾಟವಲ್ಲ. ಮಗಳ ಮದುವೆಯ ಮುಹೂರ್ತ ತಪ್ಪಿದರೂ ತಡೆದುಕೊಂಡಾರು, ಕಬ್ಬಿನ ಪಾಳಿ ತಪ್ಪಿದರೆ ತಡೆದುಕೊಳ್ಳುವವರಲ್ಲ. ಹೊತ್ತಿಗೆ ಸರಿಯಾಗಿ ಕಡಿಯದ ಕಬ್ಬು ಹೂ ಬಿಡುತ್ತದೆ, ಒಳಗೆ ಬೆಂಡಾಗುತ್ತದೆ.

ಶನಿವಾರ ಸಂಜೆ ಆರಕ್ಕೆ ನೀಲಮ ಒಂದು ಕೋಡ್ ಓಡಿಸಿದ್ದಳು. ‘ಹಣ್ಣಾಗಲು ಬಾಕಿ ದಿನ’ ಎನ್ನುವ ಕಾಲಮ್ ನೋಡಿ, ಕಡಿಮೆ ದಿನ ಇದ್ದವರನ್ನು ಮುಂದೆ, ಹೆಚ್ಚು ಇದ್ದವರನ್ನು ಹಿಂದೆ ಮಾಡಿ, ಒಂದೊಂದೇ ಸಾಲನ್ನು ತೆಗೆದು ಹೊಸ ದಿನಾಂಕ ಬರೆದು ಅಪ್‌ಡೇಟ್ ಮಾಡುವ ಕೋಡ್. ಷರಾ ಕಾಲಮಿನಲ್ಲಿ ‘ಹೊಸ ಪಾಳಿ’ ಎಂದು ಎಲ್ಲರಿಗೂ ಬರೆಯಬೇಕು ಎಂದು ಕಬ್ಬು ವಿಭಾಗದ ಸಾಹೇಬರ ಹುಕುಂ. ಓಡಿಸಿ, ಕಂಪ್ಯೂಟರ್ ಬಂದ್ ಮಾಡಿ, ಓಡೋಡಿ ಬಸ್ಸು ಹಿಡಿದಿದ್ದಳು.

ಸೋಮವಾರ ಬೆಳಿಗ್ಗೆ ಏಳಕ್ಕೆ ಕಟಾವಿನ ಟೋಳಿ ಕುಡುಗೋಲು ಹಿಡಿದು ಹೋಗಿ ನಿಂತದ್ದು ಸುಧೀರನ ಅವ್ವ ಸುಂದ್ರವ್ವನ ಒಂದೂವರೆ ಎಕರೆಯಲ್ಲಿ. ಹಳೆಯ ಪಟ್ಟಿಯಲ್ಲಿ ಅವಳ ಪಾಳಿ ಜನವರಿ ಇಪ್ಪತ್ತೆಂಟಕ್ಕಿತ್ತು. ಹೊಸ ಪಟ್ಟಿಯಲ್ಲಿ ಎಲ್ಲರಿಗಿಂತ ಮೊದಲು, ನವೆಂಬರ್ ಇಪ್ಪತ್ತೈದು. ಸುಂದ್ರವ್ವ ಬದುವಿನ ಮೇಲೆ ಕೂತು, “ನನ್ನ ಪಾಳಿ ಇನ್ನಾ ಬಂದಿಲ್ಲ. ನನ್ನ ಕಬ್ಬಿಗೆ ಕುಡಗೋಲ ಹಚ್ಚಬ್ಯಾಡ್ರಿ” ಎಂದು ಇಡೀ ಟೋಳಿಯನ್ನು ವಾಪಸು ಕಳಿಸಿದ್ದಳು. ಆದರೆ ಪಕ್ಕದ ಹೊಲದ ಭೀಮಗೊಂಡ ಅದನ್ನು ನೋಡಿಬಿಟ್ಟ.

ಒಂಬತ್ತಕ್ಕೆ ಭೀಮಗೊಂಡ ಹತ್ತು ಮಂದಿ ರೈತರನ್ನು ಕಟ್ಟಿಕೊಂಡು ಬಂದ. ಪಟ್ಟಿ ತೆರೆಸಿ ನೋಡಿದ. ಆ ಸಾಲಿನ ಮುಂದೆ ‘ಬದಲಿಸಿದವರು: ನೀಲಮ’ ಎಂದಿತ್ತು. ಹಾಗೆ ನೋಡಿದರೆ ನಾಲ್ಕು ಸಾವಿರ ಸಾಲಿನ ಮುಂದೆಯೂ ಅದೇ ಹೆಸರಿತ್ತು. ಕೋಡ್ ಓಡಿಸಿದವರ ಹೆಸರು ಎಲ್ಲ ಸಾಲಿಗೂ ಬೀಳುತ್ತದೆ. ಹೆಸರು ಬೀಳದ ಹಾಗೆ ಸದ್ದಿಲ್ಲದೆ ಬದಲಿಸುವ ಇನ್ನೊಂದು ಕಮಾಂಡ್ ಇದೆ, ನೀಲಮ ಅದನ್ನು ಬಳಸಿರಲಿಲ್ಲ. ಮಾಡಿದ ಕೆಲಸಕ್ಕೆ ಹೆಸರಿರಬೇಕು ಎನ್ನುವುದು ಅವಳ ಹಟ. ಭೀಮಗೊಂಡನಿಗೆ ಇದೆಲ್ಲ ಯಾಕೆ ಬೇಕು?

“ಫೀಲ್ಡ್‌ಮನ್ ಸವಿಮಾತ ಆಡಿದ, ಕಂಪ್ಯೂಟರ್‌ದಾಕಿ ಪಾಳಿ ತಿರುವಿದಳು. ಚಹಾ ಕುಡಿಯೋದು ಊರೆಲ್ಲ ನೋಡೈತಿ” ಎಂದು ಗೇಟಿನಲ್ಲೇ ನಿಂತು ಅಂದ. ಕಂಪ್ಯೂಟರ್ ಕೋಣೆಗೆ ಬೀಗ ಹಾಕಿಸಿ ಕೀಲಿ ತನ್ನ ಕಿಸೆಗೆ ಇಳಿಸಿದ. “ನಾಕಕ್ಕ ಎಲ್ಲಾರ ಮುಂದ ತಗೀರಿ. ಅಲ್ಲೀತನಾ ಯಾರೂ ಮಶಿನ್ ಮುಟ್ಟಬಾರದು.”

ನಾಲ್ಕರವರೆಗೆ ನೀಲಮ ಬೀಗ ಹಾಕಿದ ಬಾಗಿಲ ಮುಂದಿನ ಬೆಂಚಿನ ಮೇಲೆ ಕೂತಳು. ಡಬ್ಬಿಯಲ್ಲಿದ್ದ ರೊಟ್ಟಿ ಹಾಗೇ ಉಳಿಯಿತು.

ನೌಕರಿ ಹೋದರೆ ಹೋಗಲಿ ಎಂದು ಒಂದು ಸಲ ಅಂದುಕೊಂಡಳು. ಹೆಸರು ಕೆಟ್ಟು ಹೋಗುವುದಿದೆಯಲ್ಲ, ಅದು ನಿಪ್ಪಾಣಿ ಬಸ್ಸಿನಲ್ಲಿ ಅವಳಿಗಿಂತ ಮೊದಲು ಮನೆ ಮುಟ್ಟುತ್ತದೆ. ಅದಕ್ಕಿಂತ ಹೆಚ್ಚು ಚುಚ್ಚುತ್ತಿದ್ದದ್ದು ಇನ್ನೊಂದು. ಸುಧೀರನೇ ಅವಳ ಹೆಸರಿನಲ್ಲಿ ಬಾಕಿ ದಿನ ತಿದ್ದಿದ್ದರೆ? ಮೂರು ತಿಂಗಳ ಮಾತೆಲ್ಲ ಆ ಕುರ್ಚಿಯ ಮೇಲೆ ಒಂದು ಗಳಿಗೆ ಕೂರುವುದಕ್ಕಾಗಿಯೇ ಇದ್ದರೆ?

ಆ ಮೂರು ತಿಂಗಳ ಮಾತು ನಡೆದದ್ದೂ ಅದೇ ಸಾಲಿನಲ್ಲಿ. ಸಾವಿರದ ನೂರ ಏಳನೇ ಸಾಲು, ಸುಂದ್ರವ್ವನ ಹೊಲ. ಆಗಸ್ಟಿನಲ್ಲಿ ಸುಧೀರ ಅದರ ಷರಾ ಕಾಲಮಿನಲ್ಲಿ ‘ಹೊಲದ ದಾರಿ ಕೆಸರಾಗೈತಿ, ಟ್ರ್ಯಾಕ್ಟರ್ ಹೋಗೂದಿಲ್ಲ’ ಎಂದು ಬರೆದಿದ್ದ. ಅವಳು ಅದನ್ನು ಅಳಿಸಿ, ‘ದಾರಿ ಒಣಗಿದ ಮೇಲೆ ತಿಳಿಸಿ’ ಎಂದು ಬರೆದಳು. ನಾಲ್ಕು ದಿನ ಬಿಟ್ಟು ಅವನ ಉತ್ತರ: ‘ದಾರಿ ಒಣಗೈತಿ. ನಿಮ್ಮ ಆಫೀಸಿನ ಚಹಾನೂ ಒಣಗೈತೇನು? ಮೊನ್ನೆ ಬಂದಾಗ ಕೇಳಲೇ ಇಲ್ಲ.’ ಅವಳು: ‘ಷರಾ ಕಾಲಮ್ ಚಹಾದ ಸಲುವಾಗಿ ಅಲ್ಲ.’ ಅವನು: ‘ಹಂಗಾದ್ರ ಅದಕ್ಕ ಯಾವ ಕಾಲಮ್ ಐತಿ ಹೇಳ್ರಿ.’

ಒಬ್ಬರು ಬರೆದದ್ದನ್ನು ಅಳಿಸಿ ಇನ್ನೊಬ್ಬರು ಬರೆಯುವುದು. ಒಂದು ಹೊತ್ತಿಗೆ ಅಲ್ಲಿ ಒಂದೇ ಮಾತು. ಅಳಿಸಿದ್ದು ಅಳಿಸಿಹೋಯಿತು ಎಂದು ಸುಧೀರ ತಿಳಿದಿದ್ದ, ಅದಕ್ಕೇ ಅಷ್ಟು ಧೈರ್ಯ. ಆದರೆ ಪ್ರತಿ ಸಾಲಿನ ಬೆನ್ನಿಗೂ ಒಂದು ಹಿಸ್ಟರಿ ಇರುತ್ತದೆ. ಯಾರು, ಯಾವಾಗ, ಏನು ಬರೆದು ಏನು ಅಳಿಸಿದರು ಎಂಬುದೆಲ್ಲ ಅಲ್ಲಿ ಕೂತಿರುತ್ತದೆ. ಇದು ಗೊತ್ತಿದ್ದವಳು ಕಾರ್ಖಾನೆಯಲ್ಲಿ ನೀಲಮ ಒಬ್ಬಳೇ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದಾಗ ಅವಳು ಅದನ್ನು ತೆರೆದು ಮೊದಲಿನಿಂದ ಓದುತ್ತಿದ್ದಳು. ಹಾಗಂತ ಯಾರಿಗೂ ಹೇಳಿರಲಿಲ್ಲ, ಹೇಳುವಂಥದ್ದೂ ಅಲ್ಲ.

ಈಗ ಆ ಹಿಸ್ಟರಿ ತೆರೆದರೆ ಸತ್ಯ ಸಿಗುತ್ತದೆ. ಅದರ ಜೊತೆಗೆ ಚಹಾ, ಕೆಸರು, ಅವನು ಆಮೇಲೆ ಬರೆದ ಬಸ್ಸಿನ ಕಿಟಕಿ, ಅವಳ ಹಸಿರು ಓಢಣಿ ಎಲ್ಲವೂ ಪ್ರೊಜೆಕ್ಟರಿನಲ್ಲಿ ಗೋಡೆಯ ಮೇಲೆ ಬೀಳುತ್ತವೆ, ಭೀಮಗೊಂಡನ ಮುಂದೆ. ತೆರೆಯದಿದ್ದರೆ ‘ಕೋಡ್ ತಪ್ಪಿತು’ ಎಂದು ಕೈಮುಗಿದು ಮನೆಗೆ ಹೋಗಬಹುದು. ತೆರೆದಾಗ ಸುಧೀರನ ಕಳ್ಳತನವೇ ಹೊರಬಿದ್ದರೆ ಏನು ಮಾಡುವುದು?

ನಾಲ್ಕಕ್ಕೆ ಬೀಗ ತೆರೆಯಿತು. ಅವಳ ಕಂಪ್ಯೂಟರನ್ನು ಸಭೆಯ ಕೋಣೆಗೆ ತಂದು ಪ್ರೊಜೆಕ್ಟರಿಗೆ ಹಚ್ಚಿದರು. ನಡುವೆ ಮುಖ್ಯ ಕಬ್ಬು ಅಧಿಕಾರಿ ರಾಜಾರಾಮ ಸಾಹೇಬರು, ಒಂದು ಕಡೆ ಭೀಮಗೊಂಡ ಮತ್ತು ಅವನ ಮಂದಿ, ಗೋಡೆಗೆ ಒರಗಿ ಹನ್ನೊಂದು ಗಟದ ಫೀಲ್ಡ್‌ಮನ್‌ಗಳು. ಬಾಗಿಲ ಹತ್ತಿರ, ಕುಡುಗೋಲನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊಲದಿಂದಲೇ ಎದ್ದು ಬಂದಿದ್ದ ಸುಂದ್ರವ್ವ. ನೀಲಮ ಅವಳನ್ನು ನೋಡಿದ್ದು ಅದೇ ಮೊದಲು. ಅದೇ ಅಗಲ ಹಣೆ, ಅದೇ ನೆಟ್ಟ ನೋಟ.

“ಹಾಂ, ಬೋಲಾ. ಯಾರು ಮಾಡಿದ್ದು?” ಎಂದರು ರಾಜಾರಾಮ. ನಿಪ್ಪಾಣಿಯವರು, ಸಿಟ್ಟು ಬಂದರೆ ಮರಾಠಿಯಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸುವರು.

ನೀಲಮ ಬಾಯಿ ತೆರೆಯುವ ಮೊದಲೇ ಸುಧೀರ ಮುಂದೆ ಬಂದ.

“ನಾ ಮಾಡೀನ್ರಿ ಸಾಹೇಬ್ರ. ಶುಕ್ರವಾರ ಮೇಡಂ ಪ್ರಿಂಟ್ ತರಾಕ ಹೊರಗ ಹೋಗಿದ್ರು. ಅವರ ಮಶಿನ್ ಚಾಲೂನ ಇತ್ತು. ನಾ ಅವರ ಕುರ್ಚಿ ಮ್ಯಾಲೆ ಕುಂತು ಅವ್ವನ ತಾರೀಖ ಬದಲ ಮಾಡಿದೆ. ಅವರಿಗೆ ಏನೂ ಗೊತ್ತಿಲ್ಲ.”

ಕೋಣೆಯಲ್ಲಿ ಗುಜುಗುಜು ಎದ್ದಿತು. “ನೋಡ್ರಿ, ಬಾಯಿಬಿಟ್ಟ” ಅಂದ ಭೀಮಗೊಂಡ. ಸುಂದ್ರವ್ವ ಮಗನ ಬೆನ್ನನ್ನೇ ನೋಡಿದಳು.

ನೀಲಮ ಮಾತ್ರ ಅವನ ಮಾತನ್ನೇ ಆಲಿಸಿದಳು. ಅವನ ಒಂದೊಂದು ಮಾತೂ ಅವಳವೇ. ಬೇವಿನ ಮರದ ಕೆಳಗೆ ಅವಳು ಅವನ ಮುಖಕ್ಕೆ ಎಸೆದದ್ದನ್ನೇ ಆರಿಸಿಕೊಂಡು ಬಂದು ಇಲ್ಲಿ ಒಪ್ಪಿಸುತ್ತಿದ್ದ. ಶುಕ್ರವಾರ ತಾರೀಖು ಬದಲಿಸಿದನಂತೆ! ಶುಕ್ರವಾರ ಯಾರು ಏನು ಬರೆದಿದ್ದರೂ ಶನಿವಾರ ಅವಳ ಕೋಡ್ ಎಲ್ಲ ತಾರೀಖನ್ನೂ ಹೊಸದಾಗಿ ಬರೆಯುತ್ತಿತ್ತು. ಕದ್ದವನಿಗೆ ಕನ್ನ ಎಲ್ಲಿ ಕೊರೆದೆ ಅನ್ನುವುದಾದರೂ ಗೊತ್ತಿರಬೇಕಲ್ಲ? ಇವನಿಗೆ ಅದೂ ಗೊತ್ತಿಲ್ಲ. ತಪ್ಪು ಅವಳದೆಂದು ತಿಳಿದು, ಅದನ್ನು ತನ್ನ ತಲೆಗೆ ಸುತ್ತಿಕೊಳ್ಳಲು ನಿಂತಿದ್ದಾನೆ. ಅವಳಿಗೆ ಅಳುವೂ ಬಂತು, ಬೈಯಬೇಕೆಂದೂ ಅನಿಸಿತು, ಅವನ ಮೇಲೆ ಎಂದೂ ಇಲ್ಲದಷ್ಟು ಪ್ರೀತಿಯೂ ಬಂತು.

“ಸಾಹೇಬ್ರ,” ಅಂದಳು. “ಅವರು ಸುಳ್ಳ ಹೇಳಾಕತ್ತಾರ.”

“ಮೇಡಂ, ನೀವು ಸುಮ್ನಿರ್ರಿ,” ಅಂದ ಸುಧೀರ.

“ನೀವು ಸುಮ್ನಿರ್ರಿ. ಸಾಹೇಬ್ರ, ಪುರಾವೆ ಐತ್ರಿ. ಪ್ರತಿ ಸಾಲಿಗೂ ಹಿಂದಿನ ಹಿಸ್ಟರಿ ಇರ್ತೈತಿ. ಅಳಿಸಿದ್ದೂ ಇರ್ತೈತಿ.”

ಸುಧೀರ ಗಕ್ಕನೆ ಅವಳತ್ತ ತಿರುಗಿದ. “ಅಳಿಸಿದ್ದೂನಾ?”

“ಅಳಿಸಿದ್ದೂನ.”

“ಎಲ್ಲಾ?”

“ಎಲ್ಲಾ. ಕೆಸರಿನಿಂದ ಹಿಡದು.”

ಅವನ ಕಿವಿ ಕೆಂಪಾದವು. ಬೇಡ ಎಂದು ತಲೆಯನ್ನು ತುಸುವೇ ಅಲ್ಲಾಡಿಸಿದ. ನೀಲಮ ಅವನ ಕಣ್ಣನ್ನೇ ನೋಡುತ್ತ ಮೌಸ್ ಹಿಡಿದಳು. ಸಾವಿರದ ನೂರ ಏಳು. ಹಿಸ್ಟರಿ. ಕ್ಲಿಕ್.

ಗೋಡೆಯ ತುಂಬ ಸಾಲುಗಳು ತೆರೆದುಕೊಂಡವು. ಎಲ್ಲಕ್ಕೂ ಮೇಲೆ ಅವಳ ಕೋಡ್ ಮಾಡಿದ್ದು: ಶನಿವಾರ ಆರು ಗಂಟೆ, ತಾರೀಖು ಜನವರಿಯಿಂದ ನವೆಂಬರಿಗೆ, ಷರಾ ‘ಹೊಸ ಪಾಳಿ’. ಅದರ ಕೆಳಗೆ ಅವಳೂ ನೋಡಿರದ ಒಂದು ಸಾಲಿತ್ತು. ಸುಧೀರ, ಶನಿವಾರ ಐದು ನಲವತ್ತು, ಬೋರಗಾಂವ ಕಚೇರಿಯಿಂದ. ‘ಹಣ್ಣಾಗಲು ಬಾಕಿ ದಿನ’ದ ಎದುರು ಏನೂ ಇರಲಿಲ್ಲ. ಖಾಲಿ. ಷರಾ ಮಾತ್ರ ಉದ್ದಕ್ಕಿತ್ತು. ಅವನು ಬರೆದ ಇಪ್ಪತ್ತು ನಿಮಿಷಕ್ಕೆ ಅವಳ ಕೋಡ್ ಅದನ್ನು ಅಳಿಸಿಹಾಕಿತ್ತು.

ರಾಜಾರಾಮ ಸಾಹೇಬರು ಮೂಗಿನ ಮೇಲೆ ಚಾಳೀಸು ಏರಿಸಿ, ಸರಕಾರಿ ಆದೇಶ ಓದುವ ದನಿಯಲ್ಲಿ ಗಟ್ಟಿಯಾಗಿ ಓದತೊಡಗಿದರು.

“‘ಇದು ನಮ್ಮ ಅವ್ವನ ಹೊಲ. ಬ್ರಿಕ್ಸ್ ನಾ ನೋಡೂದು ಬರೋಬರ ಅಲ್ಲ, ಅದಕ್ಕ ಖಾಲಿ ಬಿಟ್ಟೀನಿ. ಬ್ಯಾರೆ ಗಟದವರನ್ನ ಕಳಸ್ರಿ. ಇಲ್ಲಾಂದ್ರ ನೀವ ಬರ್ರಿ. ಅವ್ವ ನಿಮ್ಮನ್ನ ನೋಡಬೇಕಂದಾಳ. ನನಗೂ ದಿನಾ...’”

ಸಾಹೇಬರು ನಿಂತರು. ಚಾಳೀಸಿನ ಮೇಲಿಂದ ಸುಧೀರನನ್ನು ನೋಡಿದರು, ಆಮೇಲೆ ನೀಲಮಳನ್ನು. ಉಳಿದದ್ದನ್ನು ದನಿ ಇಳಿಸಿ ಓದಿದರು. “‘ನನಗೂ ದಿನಾ ನೋಡಬೇಕಂತ ಆಸೆ ಐತಿ.’”

ನೀಲಮಳಿಗೆ ಅವನ ಬೆಳಗಿನ ಮಾತು ಈಗ ಅರ್ಥವಾಯಿತು. ಅವಳು ಇದನ್ನು ಓದಿದ್ದಾಳೆ, ಓದಿಯೇ ಅವ್ವನ ಪಾಳಿ ಮುಂದೆ ಮಾಡಿದ್ದಾಳೆ ಎಂದು ಅವನು ತಿಳಿದಿದ್ದ. ಅವಳು ಹೌದೆನ್ನುವ ರೀತಿ ಅದು ಎಂದು ತಿಳಿದಿದ್ದ.

ಕಣ್ಣು ಮಂಜಾದರೂ ಅವಳು ಆ ಖಾಲಿ ಚೌಕವನ್ನು ನೋಡಿದಳು. ಖಾಲಿ. ಕೋಡಿನ ತಪ್ಪು ಎಲ್ಲಿ ಎಂದು ಹೊಳೆಯಿತು.

“ಸಾಹೇಬ್ರ, ತಪ್ಪು ನಂದ,” ಅಂದಳು. “ಖಾಲಿ ಅಂದ್ರ ಗೊತ್ತಿಲ್ಲ ಅಂತ. ನನ್ನ ಕೋಡ್ ಅದನ್ನ ಸೊನ್ನಿ ಅಂತ ತಿಳೀತು. ಬಾಕಿ ದಿನ ಸೊನ್ನಿ ಅಂದ್ರ ಇವತ್ತ ಹಣ್ಣಾಗೈತಿ ಅಂತ ಲೆಕ್ಕ. ಅದಕ್ಕ ಸುಂದ್ರವ್ವ ಅವರನ್ನ ಎಲ್ಲಾರ್ಕಿಂತ ಮುಂದ ತಂತು. ಖಾಲಿ ಇದ್ರ ಮುಟ್ಟಬ್ಯಾಡ ಅಂತ ನಾ ಕೋಡ್‌ನ್ಯಾಗ ಒಂದ ಮಾತು ಬರೀಬೇಕಿತ್ತು. ಬರೀಲಿಲ್ಲ.”

ಭೀಮಗೊಂಡ ಮೀಸೆ ತಿರುವಿದ. “ಹಂಗಾದ್ರ ಉಳದ ಖಾಲಿ ಹೊಲದವರು ಯಾಕ ಮುಂದ ಬರಲಿಲ್ಲ?”

ನೀಲಮ ಪಟ್ಟಿಯನ್ನು ಜಾಲಾಡಿದಳು. ಪರದೆಯ ಮೇಲೆ ಒಂದೇ ಸಾಲು ಉಳಿಯಿತು.

“ನಾಕು ಸಾವಿರದಾಗ ಖಾಲಿ ಇರೂದು ಇದೊಂದ್ರಿ. ಉಳದ ಫೀಲ್ಡ್‌ಮನ್ನರು ತಮ್ಮ ಮನಿ ಹೊಲಕ್ಕೂ ತಾವ ದಿನಾ ತುಂಬ್ಯಾರ.”

ಗೋಡೆಗೆ ಒರಗಿದ್ದವರಲ್ಲಿ ಕೆಲವರಿಗೆ ತಮ್ಮ ಚಪ್ಪಲಿಯ ಮೇಲೆ ಇದ್ದಕ್ಕಿದ್ದಂತೆ ಬಹಳ ಆಸಕ್ತಿ ಹುಟ್ಟಿತು. ಭೀಮಗೊಂಡ ಅವರನ್ನು ಒಬ್ಬೊಬ್ಬರನ್ನಾಗಿ ನೋಡಿದ. ಆಮೇಲೆ ಕಿಸೆಯಿಂದ ಕೀಲಿ ತೆಗೆದು ಮೇಜಿನ ಮೇಲಿಟ್ಟ.

“ಚಹಾದ ಮಾತು ನಾ ಗೇಟಿನ್ಯಾಗ ಆಡಬಾರದಿತ್ತು ತಂಗಿ,” ಅಂದ. ಅವನ ಬಾಯಿಂದ ಅಷ್ಟು ಬಂದದ್ದೇ ದೊಡ್ಡದು.

“ಇವತ್ತ ಸಂಜಿ ಒಳಗ ಕೋಡ್ ದುರಸ್ತ ಮಾಡ್ರಿ,” ಎಂದರು ರಾಜಾರಾಮ. “ತಪ್ಪಾತಂತ ಬರದು ಕೊಡ್ರಿ. ಮುಂದ ಓಡಸೂಕ್ಕಿಂತ ಮೊದಲ ನನಗ ತೋರಸ್ರಿ. ನೌಕರಿ ಮಾತು ಇಲ್ಲಿಗೆ ಬಸ್. ಈ ಚಹಾದ್ದು, ಕೆಸರಿನ್ದು ಎಲ್ಲಾ ಪಹಿಲೇ ಬಂದ್ ಕರಾ, ನನ್ನ ಕಣ್ಣ ನೋಯಾಕತ್ತಾವ.”

ನೀಲಮ ಹಿಂತಿರುಗಿ ನೋಡಿದಳು. ಗೋಡೆಯ ಮೇಲೆ ಮೂರು ತಿಂಗಳು ಹಾಗೇ ಹರಡಿಕೊಂಡಿತ್ತು. ಹಸಿರು ಓಢಣಿಯನ್ನು ಎಲ್ಲರೂ ಓದಿಯಾಗಿತ್ತು. ಅವಳು ಅದೇ ಓಢಣಿ ಹೊದ್ದು ಬಂದಿದ್ದಳು.

ಆಗ ಸುಂದ್ರವ್ವ ಮಂದಿಯನ್ನು ಸರಿಸಿಕೊಂಡು ಬಂದಳು. ನೀಲಮಳ ಮುಂದೆ ನಿಂತು ಅಡಿಯಿಂದ ಮುಡಿಯವರೆಗೆ ನಿಧಾನವಾಗಿ ನೋಡಿದಳು. ಅವಳ ಎಡಗಣ್ಣೂ ತುಸು ಸಣ್ಣದಾಯಿತು. ಅದು ಬ್ರಿಕ್ಸ್ ನೋಡಿ ಬಂದ ರೂಢಿ ಅಲ್ಲ, ಮನೆತನದ್ದೇ ಅನ್ನುವುದು ನೀಲಮಳಿಗೆ ಅವತ್ತು ತಿಳಿಯಿತು.

“ಈಕಿನ ಏನೋ?” ಎಂದು ಮಗನನ್ನು ಕೇಳಿದಳು.

“ಹೂಂ ಬೇ,” ಅಂದ ಸುಧೀರ, ಕೇಳಿಸಿತೋ ಇಲ್ಲವೋ ಎಂಬಂತೆ.

“ಮನಿಗೆ ಹೋಗಿ ನೋಡಬೇಕಂತಿದ್ದೆ. ಸೀರಿ ಉಡಿಸಿ, ತಲಿ ಬಗ್ಗಿಸಿ ಕುಂದರಿಸ್ತಿದ್ರು. ಏನ ಕಾಣಸ್ತಿತ್ತು?” ಸುಂದ್ರವ್ವ ಒರಟು ಅಂಗೈಯಿಂದ ನೀಲಮಳ ಕೆನ್ನೆಯ ಬೆವರು ಒರೆಸಿದಳು. “ಇಷ್ಟು ಮಂದ್ಯಾಗ ತಲಿ ಎತ್ತಿ, ತಪ್ಪು ನಂದ ಅಂದಳು. ನಾ ನೋಡೂದು ಮುಗೀತು. ಇನ್ನ ಆಕಿ ನೋಡಲಿ ನಿನ್ನ.”

ಐದೂವರೆಗೆ ಕಂಪ್ಯೂಟರ್ ಕೋಣೆಯಲ್ಲಿ ನೀಲಮ ಒಬ್ಬಳೇ ಇದ್ದಳು. ಕೋಡಿನಲ್ಲಿ ಒಂದು ಸಾಲು ಸೇರಿಸಿದಳು: ಖಾಲಿ ಇದ್ದರೆ ಮುಟ್ಟಬೇಡ, ಮುಂದೆ ಹೋಗು. ಸಾಹೇಬರಿಗೆ ತೋರಿಸಿ ಬಂದು ಓಡಿಸಿದಳು. ಎಲ್ಲ ಸಾಲುಗಳೂ ತಂತಮ್ಮ ಜಾಗಕ್ಕೆ ಹೋದವು. ಒಂದು ಮಾತ್ರ ಉಳಿಯಿತು.

“ಒಳಗ ಬರಲ್ರಿ?” ಬಾಗಿಲಲ್ಲಿ ಸುಧೀರ.

“ಬರ್ರಿ. ಕುರ್ಚಿ ಮ್ಯಾಲೆ ಮಾತ್ರ ಕುಂದರಬ್ಯಾಡ್ರಿ.”

ಅವನು ನಗಲಿಲ್ಲ. “ನನ್ನ ಕಳ್ಳ ಅಂತ ತಿಳದ್ರಿ.”

“ನೀವು ನನ್ನ ಹಂತಾಕಿ ಅಂತ ತಿಳದ್ರಿ. ನಿಮ್ಮ ಸಲುವಾಗಿ ಹತ್ತ ಮಂದಿ ಪಾಳಿ ಕಸಗೊಳ್ಳಾಕಿ ಅಂತ. ನನಗ ಅದು ಹೆಚ್ಚು ನೋವಾತು.”

“ತಪ್ಪಾತು,” ಅಂದ ಅವನು. “ಮೊದಲಿಂದ ಎಲ್ಲಾ ಅಲ್ಲೇ ಐತಿ ಅಂತ ನಿಮಗ ಗೊತ್ತಿತ್ತೇನ್ರಿ?”

“ಗೊತ್ತಿತ್ತು.”

“ಓದ್ತಿದ್ರಿ?”

ನೀಲಮ ಪರದೆಯತ್ತ ತಿರುಗಿದಳು. “ಊಟದ ಹೊತ್ತಿನ್ಯಾಗ.”

“ದಿನಾ?”

“ಅದು ಯಾವ ಕಾಲಮಿನ್ಯಾಗೂ ಇಲ್ರಿ, ಕೇಳಬ್ಯಾಡ್ರಿ.”

ಈಗ ಅವನು ನಕ್ಕ. ಎಡಗಣ್ಣು ತಾನಾಗಿ ಮುಚ್ಚಿಕೊಂಡಿತು.

ಸಾವಿರದ ನೂರ ಏಳನೇ ಸಾಲನ್ನು ಅವಳು ಕೈಯಿಂದಲೇ ತೆರೆದಳು. ತಾರೀಖನ್ನು ತಿದ್ದಿ ಮತ್ತೆ ಜನವರಿ ಇಪ್ಪತ್ತೆಂಟು ಮಾಡಿದಳು. ಬಾಕಿ ದಿನ: ಖಾಲಿ. ಷರಾದಲ್ಲಿ ‘ಹೊಸ ಪಾಳಿ’ ಎಂದು ಇನ್ನೂ ಇತ್ತು. ಅದನ್ನು ಅಳಿಸಿ ಬರೆದಳು. ಅವನು ಬೆನ್ನ ಹಿಂದೆ ನಿಂತು ಒಂದೊಂದೇ ಅಕ್ಷರ ಓದಿದ.

‘ಐತವಾರ ಬರ್ತೀನಿ. ಕಬ್ಬಿನ ಬ್ರಿಕ್ಸ್ ಬ್ಯಾರೆ ಗಟದವರು ನೋಡಲಿ. ಸುಂದ್ರವ್ವನ ಮಗನ್ನ ನಾನ ನೋಡಾಕಿ. ದಿನಾ.’

ಹೆಸರು ಬೀಳದ ಹಾಗೆ ಉಳಿಸುವ ದಾರಿ ಅವಳಿಗೆ ಗೊತ್ತಿತ್ತು. ಅವನಿಗೂ ಈಗ ಗೊತ್ತಿತ್ತು, ಇಲ್ಲಿ ಬರೆದದ್ದು ಅಳಿಸಿದರೂ ಹೋಗುವುದಿಲ್ಲ ಎಂದು. ಹೊರಗೆ ನಿಪ್ಪಾಣಿ ಬಸ್ಸು ಎರಡು ಸಲ ಹಾರ್ನ್ ಮಾಡಿತು.

ನೀಲಮ ಸೇವ್ ಒತ್ತಿದಳು. ಸಾಲಿನ ಮುಂದೆ ಅವಳ ಹೆಸರು ಬಂದು ಕೂತಿತು.